ತಲೆಬುರುಡೆಯ ಪ್ರತಿಕೃತಿ: ತರುವ ಮುನ್ನ, ತಂದ ಮೇಲೆ

ಡೈನೊಸಾರ್, ಗುಹಾ ಕರಡಿ, ಕತ್ತಿಯಂಥ ಕೋರೆಹಲ್ಲಿನ ಸ್ಮೈಲೊಡಾನ್. ಇಂಥ ಅಳಿದುಹೋದ ಪ್ರಾಣಿಯೊಂದರ ತಲೆಬುರುಡೆಯ ಪ್ರತಿಕೃತಿಯನ್ನು ಮನೆಯಲ್ಲೋ ಶಾಲೆಯ ವಿಜ್ಞಾನ ಕೊಠಡಿಯಲ್ಲೋ ಇಡಬೇಕೆಂದು ಆಸೆಪಡುವವರು ನನಗೆ ಆಗಾಗ ಬರೆಯುತ್ತಾರೆ. ಕೇಳುವುದೂ ಹೆಚ್ಚುಕಡಿಮೆ ಒಂದೇ. ಯಾವ ವಸ್ತುವಿನದು ಒಳ್ಳೆಯದು? ನಿಜ ಅಳತೆಯದೇ ಬೇಕೆ? ಬಣ್ಣ ಯಾವುದು? ಗೋಡೆಗೆ ಹಾಕಬಹುದೆ? ಇವೆಲ್ಲಕ್ಕೂ ಕೆಳಗೆ ಉತ್ತರವಿದೆ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಯಾರ ತಲೆ?

ಅದಕ್ಕೂ ಮುಂಚೆ ಒಂದು ಮಾತು. ಪ್ರತಿಕೃತಿ ಎಂದರೆ ಅಗ್ಗದ ನಕಲು ಎಂಬ ಭಾವನೆ ನಿಮಗಿದ್ದರೆ ಬಿಟ್ಟುಬಿಡಿ. ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿರುವ ಟಿರಾನೊಸಾರಸ್ 'ಸ್ಯೂ'ನ ಅಸ್ಥಿಪಂಜರದ ಮೇಲೆ ಕೂತಿರುವುದು ಎರಕ ಹೊಯ್ದ ತಲೆ. ನಿಜವಾದದ್ದು ಸುಮಾರು 270 ಕಿಲೋ ತೂಗುತ್ತದೆ, ಮಣ್ಣಿನೊಳಗೆ ಒತ್ತಿಹೋಗಿ ಆಕಾರವೂ ಕೆಟ್ಟಿದೆ. ಹಾಗಾಗಿ ಅದನ್ನು ಬೇರೆಯಾಗಿ ಇಟ್ಟಿದ್ದಾರೆ. ಚೀನಾದಲ್ಲಿ ಸಿಕ್ಕ ಆದಿಮಾನವ 'ಪೀಕಿಂಗ್ ಮಾನವ'ನ ಮೂಲ ಪಳೆಯುಳಿಕೆಗಳು 1941ರಲ್ಲಿ ಯುದ್ಧದ ಗಲಾಟೆಯಲ್ಲಿ ಕಾಣೆಯಾದವು, ಇಂದಿಗೂ ಸಿಕ್ಕಿಲ್ಲ. ಅದಕ್ಕೆ ಮೊದಲೇ ತೆಗೆದಿಟ್ಟ ಎರಕಗಳು ಉಳಿದಿದ್ದರಿಂದಲೇ ಆ ಬುರುಡೆಗಳನ್ನು ಇವತ್ತೂ ಕೈಯಲ್ಲಿ ಹಿಡಿದು ನೋಡಬಹುದು.

ಮುಂದೆ ಬರುವ ನಾಲ್ಕು ಪದಗಳನ್ನು ಇಲ್ಲೇ ಬಿಡಿಸಿಡುತ್ತೇನೆ. 'ಅಚ್ಚು' ಎಂದರೆ ಮೂಲ ಪಳೆಯುಳಿಕೆಯ ಮೇಲೆ ಸಿಲಿಕೋನ್ ರಬ್ಬರ್ ಹಚ್ಚಿ ತೆಗೆದ ಟೊಳ್ಳು ಪಡಿ. ಆ ಅಚ್ಚಿನೊಳಗೆ ರೆಸಿನ್ ಅಥವಾ ಪ್ಲಾಸ್ಟರ್ ಸುರಿದು ತೆಗೆದದ್ದು 'ಎರಕ'. ಶಿಲ್ಪಿಯೊಬ್ಬರು ಚಿತ್ರ ಮತ್ತು ಅಳತೆಗಳನ್ನು ನೋಡಿ ಜೇಡಿಯಲ್ಲಿ ರೂಪಿಸಿದ್ದು 'ಕೆತ್ತನೆ'. ಮೂಲವನ್ನು ಲೇಸರ್ ಅಥವಾ ಸಿಟಿ ಸ್ಕ್ಯಾನ್ ಮಾಡಿ ಪದರ ಪದರವಾಗಿ ಯಂತ್ರದಲ್ಲಿ ತೆಗೆದದ್ದು 'ತ್ರಿಡಿ ಮುದ್ರಣ'. ಅಚ್ಚು ಬಿಟ್ಟು ಉಳಿದ ಮೂರೂ ಮಾರಾಟಕ್ಕೆ ಸಿಗುತ್ತವೆ, ಮೂರನ್ನೂ ಒಂದೇ 'ರೆಪ್ಲಿಕಾ' ಎಂಬ ಹೆಸರಿನಲ್ಲಿ ಮಾರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

1. ಯಾರ ತಲೆ ಎಂದು ಪತ್ತೆ ಹಚ್ಚಿ

ಒಳ್ಳೆಯ ಎರಕಕ್ಕೆ ಒಂದು ವಿಳಾಸ ಇರುತ್ತದೆ. ವಸ್ತುಸಂಗ್ರಹಾಲಯಗಳು ಪ್ರತಿ ಪಳೆಯುಳಿಕೆಗೂ ಒಂದು ದಾಖಲೆ ಸಂಖ್ಯೆ ಕೊಡುತ್ತವೆ. ಸ್ಯೂನದು ಎಫ್‌ಎಂಎನ್‌ಎಚ್ ಪಿಆರ್ 2081. 'ಸ್ಟ್ಯಾನ್' ಎಂಬ ಇನ್ನೊಂದು ಟಿರಾನೊಸಾರಸ್‌ನದು ಬಿಎಚ್‌ಐ 3033. ಸ್ಟ್ಯಾನ್‌ನ ಮೂಲ ಮೂಳೆಗಳು 2020ರಲ್ಲಿ 3.18 ಕೋಟಿ ಡಾಲರಿಗೆ ಹರಾಜಾದವು. ಅದರ ಎರಕಗಳು ಮಾತ್ರ ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೇ ಹಲವಾರು ದೇಶಗಳ ಸಂಗ್ರಹಾಲಯಗಳಲ್ಲಿ ನಿಂತಿವೆ. ಹಾಗಾಗಿ ಮಾರುವವರನ್ನು ಮೊದಲು ಈ ಸಂಖ್ಯೆ ಕೇಳಿ. 'ಟಿ. ರೆಕ್ಸ್ ತಲೆಬುರುಡೆ, ಉತ್ತಮ ಗುಣಮಟ್ಟ' ಎಂಬಷ್ಟೇ ಉತ್ತರ ಬಂದರೆ ಅದು ಕೆತ್ತನೆ, ಇಲ್ಲವೇ ಎರಕದ ಮೇಲೆ ಮತ್ತೆ ಅಚ್ಚು ತೆಗೆದ ಕಳ್ಳ ಎರಕ ಆಗಿರುವ ಸಾಧ್ಯತೆ ಹೆಚ್ಚು.

ಕಳ್ಳ ಎರಕವನ್ನು ಕಣ್ಣಿನಲ್ಲೇ ಗುರುತಿಸಬಹುದು. ಮೂಳೆಗಳು ಒಂದಕ್ಕೊಂದು ಕೂಡುವ ಅಂಕುಡೊಂಕು ಗೆರೆಗಳು, ನರ ಮತ್ತು ರಕ್ತನಾಳ ಹಾಯುವ ಸಣ್ಣ ತೂತುಗಳು, ಮಾಂಸಾಹಾರಿಯ ಹಲ್ಲಿನ ಅಂಚಿನ ಗರಗಸ: ಈ ಮೂರನ್ನು ನೋಡಿ. ಮೂಲದಿಂದ ನೇರ ತೆಗೆದ ಎರಕದಲ್ಲಿ ಇವು ಚೂಪಾಗಿರುತ್ತವೆ. ಎರಕದ ಎರಕದಲ್ಲಿ ಸವೆದ ನಾಣ್ಯದ ಹಾಗೆ ಮಸುಕಾಗಿರುತ್ತವೆ. ಎಡ ಬಲ ಎರಡೂ ಬದಿ ಕನ್ನಡಿಯಲ್ಲಿ ಕಂಡಷ್ಟು ಒಂದೇ ಥರ ಇದ್ದರೂ ಅನುಮಾನಪಡಿ. ಕೋಟಿಗಟ್ಟಲೆ ವರ್ಷ ಕಲ್ಲಿನಡಿ ಬಿದ್ದ ತಲೆ ಎಲ್ಲಾದರೂ ಸೊಟ್ಟಗಾಗದೆ ಇರುವುದು ಅಪರೂಪ.

ಎಷ್ಟು ಭಾಗ ನಿಜವಾಗಿ ಸಿಕ್ಕಿದ್ದು, ಎಷ್ಟು ಊಹಿಸಿ ತುಂಬಿದ್ದು ಎಂಬುದನ್ನೂ ಕೇಳಿ. ಪ್ರಾಣಿಯಿಂದ ಪ್ರಾಣಿಗೆ ಇದು ತೀರಾ ಬೇರೆ. ಲಾಸ್ ಏಂಜಲೀಸಿನ ಲಾ ಬ್ರಿಯಾ ಡಾಂಬರು ಗುಂಡಿಗಳಿಂದ ಸ್ಮೈಲೊಡಾನ್‌ನ ಮೂಳೆಗಳು ರಾಶಿ ರಾಶಿಯಾಗಿ ಸಿಕ್ಕಿವೆ, ಪೂರ್ತಿ ಬುರುಡೆಗಳಿಗೆ ಕೊರತೆಯಿಲ್ಲ. ಸ್ಪೈನೊಸಾರಸ್ ಎಂಬ ಮಾಂಸಾಹಾರಿ ಡೈನೊಸಾರ್‌ನ ಕಥೆ ಹಾಗಲ್ಲ. ಈಜಿಪ್ಟಿನಲ್ಲಿ ಸಿಕ್ಕಿ 1915ರಲ್ಲಿ ವಿವರಿಸಲಾದ ಮೊದಲ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ನಾಶವಾದವು. ಇಂದು ಮಾರುವ 'ಪೂರ್ತಿ' ಸ್ಪೈನೊಸಾರಸ್ ತಲೆಗಳು ಬೇರೆ ಬೇರೆ ತುಣುಕುಗಳನ್ನೂ ಹತ್ತಿರದ ಸಂಬಂಧಿ ಪ್ರಾಣಿಗಳ ಆಕಾರವನ್ನೂ ಜೋಡಿಸಿ ಮಾಡಿದವು. ನರ್ಮದಾ ಕಣಿವೆಯಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ಡೈನೊಸಾರ್ ರಾಜಾಸಾರಸ್‌ನ ತಲೆಯಲ್ಲಿ ಕೈಗೆ ಬಂದದ್ದು ಮಿದುಳಿನ ಗೂಡಿನ ಭಾಗ. ಮೂತಿ, ಹಲ್ಲು ಎಲ್ಲ ಸಂಬಂಧಿಗಳನ್ನು ನೋಡಿ ತುಂಬಿದ್ದು. ಹಾಗೆಂದು ಇವುಗಳನ್ನು ಕೊಳ್ಳಬಾರದೆಂದಲ್ಲ. ಯಾವುದು ಮೂಳೆ, ಯಾವುದು ಊಹೆ ಎಂದು ನಿಮಗೆ ಗೊತ್ತಿರಬೇಕು. ನೋಡಲು ಬಂದ ಮಗು ಕೇಳಿದರೆ ಬೆರಳಿಟ್ಟು ತೋರಿಸುವಂತಿರಬೇಕು.

2. ಅಳತೆ

ಸ್ಯೂನ ತಲೆ ಸುಮಾರು ಒಂದೂವರೆ ಮೀಟರ್ ಉದ್ದ. ಟ್ರೈಸೆರಟಾಪ್ಸ್‌ನದು ಕೊರಳ ಪಟ್ಟಿ ಸೇರಿ 2 ಮೀಟರಿಗೂ ಮೀರುತ್ತದೆ. ಸ್ಮೈಲೊಡಾನ್ ಫಟಾಲಿಸ್‌ನದು ಸುಮಾರು 30 ಸೆಂಟಿಮೀಟರ್, ವೆಲೋಸಿರ್‍ಯಾಪ್ಟರ್‌ನದು ಸುಮಾರು 25. ಮೊದಲ ಬಾರಿ ತರುವವರಿಗೆ ನನ್ನ ಸಲಹೆ: ದೊಡ್ಡ ಪ್ರಾಣಿಯ ಕುಗ್ಗಿಸಿದ ತಲೆಗಿಂತ ಚಿಕ್ಕ ಪ್ರಾಣಿಯ ನಿಜ ಅಳತೆಯ ತಲೆ ತನ್ನಿ. ನಿಜ ಅಳತೆಯ ಕೋರೆಹಲ್ಲಿನ ಮುಂದೆ ನಿಮ್ಮ ಕೈ ಇಟ್ಟು ನೋಡಿದಾಗ ಆಗುವ ಅನುಭವವನ್ನು ಕುಗ್ಗಿಸಿದ ಟಿರಾನೊಸಾರಸ್ ಕೊಡಲಾರದು.

ದೊಡ್ಡದೇ ಬೇಕು, ಜಾಗ ಕಡಿಮೆ ಎನ್ನುವವರಿಗೆ ಒಂದು ಲೆಕ್ಕ. ಉದ್ದವನ್ನು ಅರ್ಧಕ್ಕೆ ಇಳಿಸಿದರೆ ತುಂಬು ಎರಕದ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಟೊಳ್ಳು ಎರಕವಾಗಿದ್ದು ಗೋಡೆಯ ದಪ್ಪ ಅಷ್ಟೇ ಇದ್ದರೆ ನಾಲ್ಕನೇ ಒಂದು ಭಾಗಕ್ಕೆ. ಇನ್ನು ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟ್ ಇವುಗಳ ಅಗಲವನ್ನು ಪೆಟ್ಟಿಗೆಯ ಅಳತೆಯೊಂದಿಗೆ ಹೋಲಿಸಿ ನೋಡಿ, ಬುರುಡೆಯ ಅಳತೆಯೊಂದಿಗಲ್ಲ. ಒಳಗಿನ ಫೋಮ್ ಸೇರಿ ಪೆಟ್ಟಿಗೆ ಸುತ್ತಲೂ ಒಂದು ಗೇಣು ದೊಡ್ಡದಿರುತ್ತದೆ.

3. ವಸ್ತು

ಪಾಲಿಯುರೆಥೇನ್ ರೆಸಿನ್ ಚಿಕ್ಕ ಮತ್ತು ಮಧ್ಯಮ ಗಾತ್ರದ ಬುರುಡೆಗಳಿಗೆ ಅತ್ಯುತ್ತಮ. ಕೂದಲೆಳೆಯಷ್ಟು ಗೆರೆಯನ್ನೂ ಹಿಡಿಯುತ್ತದೆ. ನೇರ ಬಿಸಿಲು ಬಿದ್ದರೆ ಹಳದಿಯಾಗುತ್ತದೆ. ಮೀಟರಿನಷ್ಟು ಉದ್ದದ ತಲೆಗಳಿಗೆ ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರಿನ ಹಾಸಿಗೆ ರೆಸಿನ್ ಹಚ್ಚಿ ಮಾಡಿದ ತೆಳು ಕವಚ. ಹಗುರ, ಗಟ್ಟಿ. ಆದರೆ ಅದನ್ನು ಕೊರೆದಾಗ ಏಳುವ ಪುಡಿ ಮೈಗೆ ತುರಿಕೆ ತರುತ್ತದೆ, ಉಸಿರಿನೊಳಗೂ ಹೋಗಬಾರದು. ಪ್ಲಾಸ್ಟರ್ ಭಾರ, ಒದ್ದೆಗೆ ಹೆದರುತ್ತದೆ, ತುದಿಗಳು ಬೇಗ ಮುರಿಯುತ್ತವೆ. 1905ರಲ್ಲಿ ಲಂಡನ್ನಿನಲ್ಲಿ ಅನಾವರಣಗೊಂಡ ಡಿಪ್ಲೊಡಾಕಸ್ 'ಡಿಪ್ಪಿ' ಪ್ಲಾಸ್ಟರಿನದೇ. ಜೋಪಾನ ಮಾಡಿದರೆ ನೂರು ವರ್ಷ ಬಾಳುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಮಕ್ಕಳು ಮುಟ್ಟಿ ನೋಡುವ ಕಡೆಗೆ ಪ್ಲಾಸ್ಟರ್ ಬೇಡ.

ಮನೆಯ ಮುದ್ರಣ ಯಂತ್ರದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಮುಚ್ಚಿದ ಕಾರಿನ ಗಾಜಿನಡಿ ಒಂದು ಮಧ್ಯಾಹ್ನ ಬಿಟ್ಟ ನನ್ನ ಸ್ಮೈಲೊಡಾನ್‌ನ ಎರಡು ಕೋರೆಗಳು ಸಂಜೆಯ ಹೊತ್ತಿಗೆ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತಿದ್ದವು.

4. ನೀವೇ ಮಾಡುವುದಾದರೆ

ಈಗ ಇದು ಮೊದಲಿನಷ್ಟು ಕಷ್ಟವಲ್ಲ. ಸ್ಮಿತ್ಸೋನಿಯನ್ ಸಂಸ್ಥೆ ತನ್ನ ಕೆಲವು ಪಳೆಯುಳಿಕೆಗಳ ತ್ರಿಡಿ ಕಡತಗಳನ್ನು ಉಚಿತವಾಗಿ ಕೊಡುತ್ತದೆ. ಮಾರ್ಫೋಸೋರ್ಸ್ ಎಂಬ ಸಂಗ್ರಹದಲ್ಲಿ ಸಂಶೋಧಕರು ಹಾಕಿದ ಸ್ಕ್ಯಾನ್‌ಗಳಿವೆ, 2015ರಲ್ಲಿ ಜಗತ್ತಿಗೆ ಪರಿಚಯವಾದ ಹೋಮೋ ನಲೇಡಿ ಎಂಬ ಆದಿಮಾನವ ಜಾತಿಯ ಮೂಳೆಗಳೂ ಅಲ್ಲಿವೆ. ಪ್ರತಿ ಕಡತದ ಜೊತೆ ಇರುವ ಪರವಾನಗಿಯನ್ನು ಓದಿ. ಸ್ವಂತಕ್ಕೆ ಮುದ್ರಿಸಲು ಬಿಟ್ಟರೂ ಮಾರಲು ಬಿಡದ ಕಡತಗಳು ಬಹಳ.

ದ್ರವ ರೆಸಿನ್ ಬಳಸುವ ಮುದ್ರಣ ಯಂತ್ರವಾದರೆ ಟೊಳ್ಳು ಬುರುಡೆಯ ತಳದಲ್ಲಿ ಎರಡು ತೂತು ಇಡುವುದನ್ನು ಮರೆಯಬೇಡಿ. ಒಳಗೆ ಸಿಕ್ಕಿಕೊಂಡ ಹಸಿ ರೆಸಿನ್ ತಿಂಗಳುಗಳ ನಂತರ ಬುರುಡೆಯನ್ನು ಬಿರುಕು ಬಿಡಿಸಿ ಹೊರಗೆ ಸೋರುತ್ತದೆ.

ಅಚ್ಚು ತೆಗೆದು ಎರಕ ಹೊಯ್ಯುವವರು ಹೆಚ್ಚಾಗಿ ಎಡವುವ ಜಾಗ ಸಿಲಿಕೋನ್. ಅದರಲ್ಲಿ ಎರಡು ಬಗೆ. ತವರ ಆಧಾರಿತ ಸಿಲಿಕೋನ್ ಯಾವುದರ ಮೇಲಾದರೂ ಗಟ್ಟಿಯಾಗುತ್ತದೆ, ಆದರೆ ವರ್ಷಗಳಲ್ಲಿ ಕುಗ್ಗಿ ಹರಿಯುತ್ತದೆ. ಪ್ಲಾಟಿನಂ ಆಧಾರಿತದ್ದು ಕುಗ್ಗುವುದು ತೀರಾ ಕಡಿಮೆ, ಬಹುಕಾಲ ಬಾಳುತ್ತದೆ. ಗಂಧಕ ಬೆರೆತ ಶಿಲ್ಪದ ಜೇಡಿ, ಲೇಟೆಕ್ಸ್, ಕೆಲವು ಮುದ್ರಣ ರೆಸಿನ್‌ಗಳು ಇವುಗಳನ್ನು ಮುಟ್ಟಿದರೆ ಮಾತ್ರ ಅದು ಗಟ್ಟಿಯಾಗುವುದೇ ಇಲ್ಲ, ಮೇಲ್ಮೈಯಲ್ಲಿ ಅಂಟು ಅಂಟಾಗಿಯೇ ಉಳಿದುಬಿಡುತ್ತದೆ. ಲೇಟೆಕ್ಸ್ ಕೈಗವಸು ಹಾಕಿಕೊಂಡು ಕಲಸಿದರೂ ಸಾಕು, ಕೆಲಸ ಕೆಡುತ್ತದೆ. ಪೂರ್ತಿ ಸುರಿಯುವ ಮೊದಲು ಕಾಣದ ಮೂಲೆಯಲ್ಲಿ ಒಂದು ಚಮಚದಷ್ಟು ಹಚ್ಚಿ ಒಂದು ದಿನ ಬಿಟ್ಟು ನೋಡಿ.

ಎಚ್ಚರ: ಪಾಲಿಯುರೆಥೇನ್‌ನ ಒಂದು ಭಾಗದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಒಮ್ಮೆ ಶ್ವಾಸಕೋಶಕ್ಕೆ ಅದರ ಅಲರ್ಜಿ ಹತ್ತಿದರೆ ಮುಂದೆ ಸ್ವಲ್ಪ ಸೋಕಿದರೂ ಆಸ್ತಮಾದಂತೆ ಕಾಡುತ್ತದೆ. ನೈಟ್ರೈಲ್ ಕೈಗವಸು, ಗಾಳಿಯಾಡುವ ಜಾಗ, ರಾಸಾಯನಿಕ ಆವಿ ತಡೆಯುವ ಡಬ್ಬಿ ಇರುವ ಮುಖವಾಡ ಮೂರೂ ಬೇಕೇ ಬೇಕು. ಬಟ್ಟೆಯ ಮಾಸ್ಕ್‌ ಇಲ್ಲಿ ಉಪಯೋಗಕ್ಕೆ ಬಾರದು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ರೆಸಿನ್ ಗಾಳಿಯ ತೇವ ಹೀರಿಕೊಂಡು ಸುರಿದಾಗ ನೊರೆಯೇಳುತ್ತದೆ. ಮಳೆಗಾಲದಲ್ಲಿ ಎರಕ ತುಂಬ ಗುಳ್ಳೆ ಬಂತು ಎಂಬ ದೂರಿಗೆ ಬಹುತೇಕ ಇದೇ ಕಾರಣ.

5. ಪೆಟ್ಟಿಗೆ ಬಿಚ್ಚಿದ ದಿನ

ಬಿಚ್ಚುವಾಗಲೇ ಚಿತ್ರ ತೆಗೆಯಿರಿ. ಹಲ್ಲುಗಳನ್ನು ಎಣಿಸಿ. ಫೋಮಿನ ಚೂರುಗಳನ್ನು ಬೆರಳಾಡಿಸಿ ನೋಡುವವರೆಗೆ ಎಸೆಯಬೇಡಿ, ಮುರಿದ ಹಲ್ಲಿನ ತುದಿ ಸಿಗುವುದು ಅಲ್ಲೇ.

ಬಣ್ಣ ಹಚ್ಚದ ಎರಕವಾದರೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಚೆನ್ನಾಗಿ ಉಜ್ಜಿ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲದೆ ಸಿಪ್ಪೆಯಾಗಿ ಏಳುತ್ತದೆ. ರೆಸಿನ್ನಿನ ತೆಳು ಭಾಗ ಬಾಗಿದ್ದರೆ ಹೆದರಬೇಡಿ: ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿ, ನಿಧಾನವಾಗಿ ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಬ್ಬಿ ನಿಂತ ಗೆರೆಯನ್ನು ನೀರು ಹಚ್ಚಿದ ಮರಳು ಕಾಗದದಿಂದ ತೀಡಿ, ಒದ್ದೆ ಇದ್ದರೆ ಪುಡಿ ಹಾರುವುದಿಲ್ಲ. ಮೂಳೆಯ ಸ್ವಂತ ಕೂಡುಗೆರೆಯನ್ನು ಇದೇ ಎಂದುಕೊಂಡು ತೀಡಿಬಿಡಬೇಡಿ. ಅಚ್ಚಿನ ಗೆರೆ ಮೂಳೆಯ ಉಬ್ಬುತಗ್ಗನ್ನು ಲೆಕ್ಕಿಸದೆ ಎಲ್ಲದರ ಮೇಲೂ ಒಂದೇ ದಾರಿಯಲ್ಲಿ ಸಾಗುತ್ತದೆ. ಮೂಳೆಯ ಗೆರೆ ಅಂಕುಡೊಂಕು.

6. ಬಣ್ಣ

ಹೆಚ್ಚಿನವರು ಬಿಳಿ ಬಣ್ಣ ಬಳಿಯುತ್ತಾರೆ. ಪಳೆಯುಳಿಕೆ ಬಿಳಿಯಾಗಿರುವುದು ಕಡಿಮೆ. ಮೂಳೆಯೊಳಗೆ ಖನಿಜಗಳು ಸೇರಿಕೊಂಡಿರುತ್ತವೆ, ಬಣ್ಣ ಕೊಡುವುದು ಅವೇ. ಆದ್ದರಿಂದ ಬಣ್ಣವನ್ನೂ ಮೊದಲಿನ ಆ ಪ್ರಶ್ನೆಯೇ ನಿರ್ಧರಿಸುತ್ತದೆ: ಈ ತಲೆ ಸಿಕ್ಕಿದ್ದು ಎಲ್ಲಿ? ಲಾ ಬ್ರಿಯಾದ ಮೂಳೆಗಳು ಡಾಂಬರು ಕುಡಿದು ಗಾಢ ಕಂದು. ಉತ್ತರ ಅಮೆರಿಕದ ಹೆಲ್ ಕ್ರೀಕ್ ಶಿಲಾಪದರದ ಟಿರಾನೊಸಾರಸ್‌ಗಳು ಕಾಫಿ ಬೀಜದಂಥ ಕಂದು. ಮಂಗೋಲಿಯಾದ ಕೆಂಪು ಮರಳುಗಲ್ಲಿನ ವೆಲೋಸಿರ್‍ಯಾಪ್ಟರ್ ಮೂಳೆ ಕೆನೆಯ ಬಣ್ಣ, ಬಿರುಕುಗಳಲ್ಲಿ ಕೆಮ್ಮಣ್ಣು. ಯೂರೋಪಿನ ಗುಹಾ ಕರಡಿ ತಿಳಿ ಹಳದಿಗಂದು. ಕೆಲಸ ಶುರು ಮಾಡುವ ಮುನ್ನ ಮೂಲ ಮಾದರಿಯ ಚಿತ್ರಗಳನ್ನು ಹಗಲಿನ ಬೆಳಕಿನಲ್ಲಿ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಬಳಿಯುವ ತಳಪದರ, ತೆಳ್ಳಗೆ ಒಂದು ಸುತ್ತು. ಒಣಗಿದ ಮೇಲೆ ನಿಮಗೆ ಬೇಕಾದ ಬಣ್ಣಗಳಲ್ಲಿ ಅತಿ ತಿಳಿಯಾದದ್ದನ್ನು ಆಕ್ರಿಲಿಕ್‌ನಲ್ಲಿ ಪೂರ್ತಿ ಬಳಿಯಿರಿ. ಈಗ ಬರುವುದು ನನಗೆ ಅತ್ಯಂತ ಇಷ್ಟವಾದ ಕೆಲಸ. ಗಾಢ ಕಂದು ಬಣ್ಣವನ್ನು ಚಹಾದ ಡಿಕಾಕ್ಷನ್ನಿನಷ್ಟು ನೀರಾಗಿಸಿ, ಅಗಲ ಬ್ರಷ್ಷಿನಲ್ಲಿ ಒಂದು ಅಂಗೈಯಷ್ಟು ಜಾಗಕ್ಕೆ ಧಾರಾಳವಾಗಿ ಹರಿಸಿ. ಎರಡು ಕ್ಷಣ ಸುಮ್ಮನೆ ನೋಡಿ. ಅಲ್ಲಿಯವರೆಗೆ ಕಾಣದಿದ್ದ ಕೂಡುಗೆರೆ ತಾನಾಗಿ ಮೂಡುತ್ತದೆ, ದವಡೆಯ ಪಕ್ಕದ ಸಣ್ಣ ತೂತುಗಳು ಒಂದೊಂದಾಗಿ ಕಪ್ಪು ಚುಕ್ಕಿಗಳಾಗುತ್ತವೆ, ಹಲ್ಲಿನ ಬುಡದ ಸುತ್ತ ಬಣ್ಣ ನಿಲ್ಲುತ್ತದೆ. ಒಣಗುವ ಮೊದಲೇ ಉಬ್ಬಿದ ಭಾಗಗಳ ಮೇಲಿನದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗುಳಿಗಳಲ್ಲಿ ಉಳಿದದ್ದು ಉಳಿಯಲಿ. ಬೇರೆ ಬೇರೆ ಕಂದುಗಳಲ್ಲಿ ಇದನ್ನೇ ಮೂರು ನಾಲ್ಕು ಸಲ ಮಾಡಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟು.

ಕೊನೆಗೆ ಒಣ ಬ್ರಷ್ ಕೆಲಸ. ಬ್ರಷ್ಷಿಗೆ ತಿಳಿ ಬಣ್ಣ ಮುಟ್ಟಿಸಿ, ಬಟ್ಟೆಗೆ ಒರೆಸಿ ಬಹುತೇಕ ಖಾಲಿ ಮಾಡಿ, ಏಣುಗಳ ಮೇಲೆ ಸವರಿದಂತೆ ಆಡಿಸಿ. ಇದು ಹೆಚ್ಚಾದರೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ, ಸಾಕೆನಿಸುವುದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಮೂಳೆಗೆ ಹೊಳಪಿಲ್ಲದ ವಾರ್ನಿಷ್, ಹಲ್ಲಿನ ಎನಾಮಲ್ ಭಾಗಕ್ಕೆ ಮಾತ್ರ ಅರೆಹೊಳಪಿನದು. ಇಡೀ ಬುರುಡೆಗೆ ಹೊಳಪು ವಾರ್ನಿಷ್ ಹೊಡೆದರೆ ಮಾಡಿದ ಕೆಲಸವೆಲ್ಲ ಪ್ಲಾಸ್ಟಿಕ್ ಆಟಿಕೆಯಾಗಿಬಿಡುತ್ತದೆ.

ಊಹಿಸಿ ತುಂಬಿದ ಭಾಗ ಯಾವುದೆಂದು ಗೊತ್ತಿದ್ದರೆ ಅದನ್ನು ಒಂದು ಛಾಯೆ ತಿಳಿಯಾಗಿ ಬಿಡಿ. ಸಂಗ್ರಹಾಲಯಗಳಲ್ಲಿ ಹೀಗೆ ಮಾಡುವುದುಂಟು. ದೂರದಿಂದ ಒಂದೇ ತಲೆ, ಹತ್ತಿರ ಬಂದವರಿಗೆ ವ್ಯತ್ಯಾಸ ಕಾಣುತ್ತದೆ.

7. ನಿಲ್ಲಿಸುವುದು

ಬುರುಡೆಯನ್ನು ಹಲ್ಲಿನ ಮೇಲೆ ಕೂರಿಸಬೇಡಿ. ಮೇಜಿನ ಮೇಲೆ ಹಾಗೇ ಇಟ್ಟ ಸ್ಮೈಲೊಡಾನ್‌ನ ಇಡೀ ಭಾರ ಎರಡು ಕೋರೆಗಳ ತುದಿಯ ಮೇಲೆ ಬೀಳುತ್ತದೆ, ಒಂದು ದಿನ ಅವು ಮುರಿಯುತ್ತವೆ. ಮೂರು ಕಡೆ ಆಧಾರ ಕೊಡಿ: ಹಿಂಭಾಗದಲ್ಲಿ ಒಂದು, ಅಂಗುಳಿನ ಕೆಳಗೆ ಎಡ ಬಲಕ್ಕೆ ಒಂದೊಂದು. ಹಿಂಭಾಗಕ್ಕೆ ಪ್ರಕೃತಿಯೇ ಜಾಗ ಮಾಡಿದೆ. ಬೆನ್ನುಹುರಿ ಹೊರಬರುವ ದೊಡ್ಡ ರಂಧ್ರದೊಳಗೆ ಉಕ್ಕಿನ ಸರಳನ್ನು ತೂರಿಸಿದರೆ ಹೊಸ ತೂತು ಕೊರೆಯಬೇಕಿಲ್ಲ. ಸರಳು ತಾಗುವಲ್ಲೆಲ್ಲ ಫೆಲ್ಟ್ ಬಟ್ಟೆ ಅಂಟಿಸಿ. ಪೀಠದ ಅಗಲ ಎಷ್ಟಿರಬೇಕು ಎಂದು ತಿಳಿಯಲು ಬುರುಡೆಯನ್ನು ಒಂದು ಸರಳಿನ ಮೇಲೆ ಆಡಿಸಿ ತೂಕ ಸಮನಾಗುವ ಬಿಂದು ಹುಡುಕಿ. ಉದ್ದ ಮೂತಿಯ ಪ್ರಾಣಿಗಳಲ್ಲಿ ಅದು ನೀವು ಅಂದುಕೊಂಡಲ್ಲಿ ಇರುವುದಿಲ್ಲ. ಆ ಬಿಂದು ಪೀಠದ ನಡುಭಾಗದ ಮೇಲೆ ಬರಬೇಕು.

ಕೆಳದವಡೆಯನ್ನು ಕೂರಿಸುವಾಗ ಕೀಲು ಕೀಲಿಗೆ ಸೇರಿದೆಯೇ ನೋಡಿ. ಭಯಂಕರವಾಗಿ ಕಾಣಲೆಂದು ಬಾಯಿ ಎಳೆದು ಅಗಲಿಸಿ, ಕೀಲು ತಪ್ಪಿಸಿ ನಿಲ್ಲಿಸಿದ್ದನ್ನು ಬಹಳ ಕಡೆ ಕಂಡಿದ್ದೇನೆ. ನೋಡಿದಾಗೆಲ್ಲ ಬೇಸರವಾಗುತ್ತದೆ. ಟಿರಾನೊಸಾರಸ್ ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಹೊರಗೆ ಬರುತ್ತದೆ. ಒಂದರ ತುದಿಗೆ ಇನ್ನೊಂದರ ತುದಿ ತಾಗುತ್ತಿದ್ದರೆ ಎಲ್ಲೋ ತಪ್ಪಿದೆ.

ಗೋಡೆಗೆ ಹಾಕುವುದಾದರೆ ಒಂದು ಮೊಳೆ, ಒಂದು ದಾರ ಸಾಲದು. ಓರೆಯಾಗಿ ಕತ್ತರಿಸಿದ ಎರಡು ಪಟ್ಟಿಗಳನ್ನು ಬಳಸಿ. ಒಂದು ಗೋಡೆಗೆ, ಒಂದು ಬುರುಡೆ ಕೂತ ಹಲಗೆಗೆ, ಒಂದರೊಳಗೊಂದು ಸಿಕ್ಕಿಕೊಳ್ಳುವಂತೆ. ಬುರುಡೆಯ ತೂಕದ ನಾಲ್ಕರಷ್ಟು ತಡೆಯುವ ಸ್ಕ್ರೂಗಳು ಇರಲಿ. ಕೆಳಗೆ ಮಂಚವೋ ಮಕ್ಕಳು ಓದುವ ಮೇಜೋ ಇರುವ ಗೋಡೆ ಬೇಡ.

8. ಬೆಳಕು ಮತ್ತು ಫಲಕ

ಮುಂದಿನಿಂದ ನೇರ ಬೆಳಕು ಬಿಟ್ಟರೆ ಬುರುಡೆ ಚಪ್ಪಟೆಯಾಗಿ ಕಾಣುತ್ತದೆ. ಒಂದು ಪಕ್ಕದಿಂದ, ಸ್ವಲ್ಪ ಮೇಲಿನಿಂದ ಒಂದೇ ಎಲ್‌ಇಡಿ ದೀಪ ಬಿಡಿ. ರಂಧ್ರಗಳೆಲ್ಲ ನೆರಳು ತುಂಬಿ ಆಳ ಬರುತ್ತದೆ.

ಆ ರಂಧ್ರಗಳಲ್ಲಿ ಕಣ್ಣು ಯಾವುದು ಎಂದು ಫಲಕದಲ್ಲಿ ತೋರಿಸಿ. ಮಾಂಸಾಹಾರಿ ಡೈನೊಸಾರ್‌ಗಳಲ್ಲಿ ಕಣ್ಣಿನ ಗೂಡಿಗೂ ಮೂಗಿಗೂ ನಡುವೆ ಇನ್ನೊಂದು ದೊಡ್ಡ ಕಿಂಡಿ ಇದೆ, ನೋಡುವವರು ಅದನ್ನೇ ಕಣ್ಣೆಂದುಕೊಳ್ಳುತ್ತಾರೆ. ಮ್ಯಾಮತ್‌ನ ಹಣೆಯ ನಡುವೆ ಇರುವ ದೊಡ್ಡ ತೂತು ಮೂಗಿನದು, ಸೊಂಡಿಲು ಶುರುವಾಗುತ್ತಿದ್ದುದು ಅಲ್ಲಿಂದ.

ಫಲಕದಲ್ಲಿ ಪ್ರಾಣಿಯ ಹೆಸರು, ಬದುಕಿದ್ದ ಕಾಲ, ಮೂಲ ಸಿಕ್ಕ ಸ್ಥಳ, ಮೂಲ ಈಗ ಇರುವ ಸಂಗ್ರಹ ಮತ್ತು ದಾಖಲೆ ಸಂಖ್ಯೆ, ಅಳತೆಯ ಪ್ರಮಾಣ, ಎರಕದ ವಸ್ತು, ಊಹಿಸಿ ತುಂಬಿದ ಭಾಗ ಇಷ್ಟಿರಲಿ. 'ಪ್ರತಿಕೃತಿ' ಎಂಬ ಪದ ಹೆಸರಿನಷ್ಟೇ ದೊಡ್ಡದಾಗಿರಲಿ. ಫಲಕ ಕಳೆದುಹೋಗಬಹುದು. ಅದಕ್ಕಾಗಿ ಬುರುಡೆಯ ಒಳಗೋಡೆಯ ಮೇಲೂ ಅಳಿಸದ ಬಣ್ಣದಲ್ಲಿ ಇದೇ ವಿವರ ಬರೆಯಿರಿ. ನಿಜವಾದ ಪಳೆಯುಳಿಕೆಗಳ ಸಾಗಾಟಕ್ಕೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಿನ ಕಾನೂನುಗಳಿವೆ. ಮಂಗೋಲಿಯಾದಿಂದ ಕದ್ದು ಸಾಗಿಸಿ 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಿಗೆ ಬಂದಿದ್ದ ಟಾರ್ಬೊಸಾರಸ್ ಅಸ್ಥಿಪಂಜರವನ್ನು ಕೋರ್ಟಿನ ಮೊಕದ್ದಮೆಯ ನಂತರ 2013ರಲ್ಲಿ ಆ ದೇಶಕ್ಕೆ ಹಿಂತಿರುಗಿಸಬೇಕಾಯಿತು. ಚೆನ್ನಾಗಿ ಬಣ್ಣ ಹಚ್ಚಿದ ನಿಮ್ಮ ಎರಕ ಮುಂದೆ ಯಾರ ಕೈಗೋ ಹೋದಾಗ ಅದನ್ನು ನಿಜವೆಂದು ಮಾರುವ, ಇಲ್ಲವೇ ಕಸ್ಟಮ್ಸ್‌ನಲ್ಲಿ ತಡೆದಿಡುವ ಪ್ರಸಂಗ ಬರಬಾರದು. ಕೊಂಡ ರಸೀದಿಯನ್ನೂ ಜೊತೆಗಿಡಿ.

9. ಆಮೇಲೆ

ವಾರಕ್ಕೊಮ್ಮೆ ಮೆತ್ತನೆಯ ಅಗಲ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಬಟ್ಟೆ ಬೇಡ, ಹಲ್ಲಿನ ಗರಗಸಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಪಿರಿಟ್, ಗಾಜು ಒರೆಸುವ ದ್ರವ ಸೋಕಿಸಬೇಡಿ, ಆಕ್ರಿಲಿಕ್ ಬಣ್ಣ ಕರಗಿ ಬರುತ್ತದೆ. ಜಾಗ ಬದಲಿಸುವಾಗ ಕೆಳದವಡೆಯನ್ನು ಮೊದಲು ಬಿಡಿಸಿ ಪಕ್ಕಕ್ಕಿಡಿ. ಕೆನ್ನೆಯ ಕಮಾನು ಹಿಡಿಕೆಯಂತೆ ಕಂಡರೂ ಅಲ್ಲಿ ಹಿಡಿದು ಎತ್ತಬೇಡಿ, ಇಡೀ ಬುರುಡೆಯಲ್ಲಿ ಮೊದಲು ಮುರಿಯುವ ಜಾಗಗಳಲ್ಲಿ ಅದೂ ಒಂದು. ಒಂದು ಅಂಗೈ ಅಂಗುಳಿನ ಕೆಳಗೆ, ಇನ್ನೊಂದು ತಲೆಯ ಹಿಂಭಾಗಕ್ಕೆ.